ಪೈಥಾನ್‌ನ ಸಬ್‌ಪ್ರೋಸೆಸ್ ಮಾಡ್ಯೂಲ್: ವರ್ಷಗಟ್ಟಲೆ ಬಳಸಿದ ಮೇಲೆ

ನನ್ನ ಕೆಲಸ ಹೆಚ್ಚಾಗಿ ದೊಡ್ಡ ಲಾಗ್ ಫೈಲ್‌ಗಳ ಜೊತೆ. ಕುಗ್ಗಿಸಿದ ಫೈಲನ್ನು ಜಿಜಿಪ್ ಬಿಚ್ಚಿಕೊಡಬೇಕು, ಬೇಕಾದ ಸಾಲುಗಳನ್ನು ಗ್ರೆಪ್ ಸೋಸಬೇಕು, ಉಳಿದದ್ದನ್ನು ಪೈಥಾನ್ ಲೆಕ್ಕ ಹಾಕಬೇಕು. ನಡುವೆ ಟೆಂಪ್ ಫೈಲ್ ಬೇಡ, ಒಂದರ ಔಟ್‌ಪುಟ್ ಅನ್ನು ನೇರ ಇನ್ನೊಂದಕ್ಕೆ ಹರಿಸುವ ಪೈಪ್ ಸಾಕು. ಇದಕ್ಕೆ, ಪೈಥಾನ್ ಒಳಗಿಂದ ಬೇರೆ ಪ್ರೋಗ್ರಾಂಗಳನ್ನು ಓಡಿಸುವ ಸಬ್‌ಪ್ರೋಸೆಸ್ ಮಾಡ್ಯೂಲನ್ನೇ ನಂಬಿಕೊಂಡಿದ್ದೇನೆ. 2004ರಲ್ಲಿ ಪೈಥಾನ್ 2.4ರ ಜೊತೆ ಬಂದದ್ದು, ಇವತ್ತಿಗೂ ಗಟ್ಟಿಯಾಗಿದೆ.

ಸಣ್ಣ ಕೆಲಸಕ್ಕೆ ಪೈಥಾನ್ 3.5ರಲ್ಲಿ ಸೇರಿದ 'ರನ್' ಫಂಕ್ಷನ್ ಸಾಕು. ಕಮಾಂಡನ್ನು ಲಿಸ್ಟ್ ಆಗಿ ಕೊಟ್ಟರೆ ಕಮಾಂಡ್ ಸಾಲನ್ನು ಬಿಡಿಸಿ ಓದುವ ಶೆಲ್ ಮಧ್ಯೆ ಬರುವುದೇ ಇಲ್ಲ. ಫೈಲ್ ಹೆಸರಲ್ಲಿ ಸ್ಪೇಸ್ ಇರಲಿ, ಸೆಮಿಕೋಲನ್ ಇರಲಿ, ಭಯವಿಲ್ಲ. 'ಚೆಕ್' ಆನ್ ಮಾಡಿದರೆ ಕಮಾಂಡ್ ಫೇಲ್ ಆದ ಕೂಡಲೇ ಎಕ್ಸೆಪ್ಶನ್ ಬರುತ್ತದೆ. ಗ್ರೆಪ್‌ಗೆ ಮಾತ್ರ ಹುಷಾರು: ಏನೂ ಸಿಗದಿದ್ದರೂ ಅದು 1 ಎಂಬ ರಿಟರ್ನ್ ಕೋಡ್ ಕೊಟ್ಟು ಮುಗಿಸುತ್ತದೆ, 'ಚೆಕ್' ಅದನ್ನು ಫೇಲ್ ಅಂತಲೇ ಎಣಿಸುತ್ತದೆ.

ನಿಜವಾದ ತಲೆನೋವು, ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಜೊತೆ ವ್ಯವಹರಿಸುವ 'ಪೋಪನ್' ಬಳಸುವಾಗ. ಲಿನಕ್ಸ್‌ನಲ್ಲಿ ಒಂದು ಪೈಪ್‌ಗೆ ಮಾಮೂಲಾಗಿ ಹಿಡಿಸುವುದು 65,536 ಬೈಟ್. ನೀವು ಸ್ಟ್ಯಾಂಡರ್ಡ್ ಔಟ್‌ಪುಟ್ ಓದುತ್ತಾ ಕೂತಿದ್ದೀರಿ ಅಂದುಕೊಳ್ಳಿ. ಅತ್ತ ಚೈಲ್ಡ್ ಪ್ರೋಸೆಸ್, ಅಂದರೆ ನೀವು ಓಡಿಸಿದ ಪ್ರೋಗ್ರಾಂ, ಎರರ್ ಸಂದೇಶಗಳ ಪೈಪನ್ನು ತುಂಬಿಸಿ, ಜಾಗಕ್ಕೆ ಕಾಯುತ್ತಿದೆ. ಅದನ್ನು ಯಾರೂ ಓದುತ್ತಿಲ್ಲ. ಇಬ್ಬರೂ ಕಾಯುತ್ತಾರೆ, ಅಷ್ಟೇ. ಎರರ್ ಇಲ್ಲ, ಸಿಪಿಯು ಸೊನ್ನೆ, ಪ್ರೋಗ್ರಾಂ ಸುಮ್ನೆ ನಿಂತಿರುತ್ತದೆ. ಸಣ್ಣ ಫೈಲ್‌ನಲ್ಲಿ ಟೆಸ್ಟ್ ಮಾಡಿದರೆ ಇದು ಕಾಣುವುದೇ ಇಲ್ಲ, ಅದೇ ನನಗೆ ಜಾಸ್ತಿ ಬೇಸರ. ಪೋಪನ್‌ನ 'ಕಮ್ಯುನಿಕೇಟ್' ಎರಡೂ ಪೈಪ್ ಓದಿ ಇದನ್ನು ತಪ್ಪಿಸುತ್ತದೆ, ಆದರೆ ಬಂದದ್ದೆಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ದೊಡ್ಡ ಲಾಗ್‌ಗೆ ನಾನು ಎರರ್ ಅನ್ನು ಒಂದು ಫೈಲ್‌ಗೆ ತಿರುಗಿಸಿ, ಔಟ್‌ಪುಟ್ ಅನ್ನು ಸಾಲು ಸಾಲಾಗಿ ಓದುತ್ತೇನೆ.

ಕನ್ನಡ ಪಠ್ಯ ಇದ್ದರೆ ಇನ್ನೊಂದು ವಿಷಯ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ನಮ್ಮ 'ಕ' ಮೂರು ಬೈಟ್, 'ಕ್ಷ' ಒಂಬತ್ತು. 4096 ಬೈಟ್‌ನಂತೆ ತುಂಡು ತುಂಡಾಗಿ ಓದಿ ಡಿಕೋಡ್ ಮಾಡಿದರೆ ಅಕ್ಷರ ನಡುವೆಯೇ ಕತ್ತರಿಸಿ ಹೋಗಬಹುದು, ಆಗ ಡಿಕೋಡ್ ಎರರ್ ಗ್ಯಾರಂಟಿ. 'ಎನ್‌ಕೋಡಿಂಗ್' ಜಾಗದಲ್ಲಿ ಯುಟಿಎಫ್-8 ಅಂತ ಕೊಟ್ಟುಬಿಡಿ, ಪೈಥಾನೇ ತುಂಡುಗಳನ್ನು ಸರಿಯಾಗಿ ಜೋಡಿಸಿಕೊಳ್ಳುತ್ತದೆ.

ಔಟ್‌ಪುಟ್ ತಡವಾಗಿ ಬರುತ್ತಿದೆ ಅನ್ನಿಸಿದರೆ ಪೈಪನ್ನು ಬೈಯಬೇಡಿ. ಎಷ್ಟೋ ಪ್ರೋಗ್ರಾಂಗಳು ಟರ್ಮಿನಲ್‌ಗಾದರೆ ಸಾಲು ಸಾಲಾಗಿ ಬರೆಯುತ್ತವೆ, ಪೈಪ್‌ಗಾದರೆ ಒಟ್ಟುಮಾಡಿ ಕಳಿಸುತ್ತವೆ. ತಡ ಮಾಡದೆ ಕಳಿಸಲು ಗ್ರೆಪ್‌ಗೆ ಲೈನ್ ಬಫರ್ಡ್ ಆಯ್ಕೆ ಇದೆ, ಪೈಥಾನ್‌ಗೆ '-ಯು' ಇದೆ.

ಮೂರು ಕಮಾಂಡ್ ಜೋಡಿಸುವುದು ಬ್ಯಾಷ್ ಎಂಬ ಶೆಲ್‌ನಲ್ಲಿ ಒಂದೇ ಸಾಲು. ಇಲ್ಲಿ ಪ್ರತಿಯೊಂದಕ್ಕೂ ಬೇರೆ 'ಪೋಪನ್' ಬೇಕು. ಮೊದಲನೆಯದರ ಔಟ್‌ಪುಟ್ ಅನ್ನು ಎರಡನೆಯದಕ್ಕೆ ಕೊಟ್ಟ ಮೇಲೆ ನಮ್ಮ ಕಡೆಯ ತುದಿಯನ್ನು ಕ್ಲೋಸ್ ಮಾಡಲೇಬೇಕು. ಇಲ್ಲದಿದ್ದರೆ ಎರಡನೆಯದು ಬೇಗ ಮುಗಿದರೂ ಮೊದಲನೆಯದಕ್ಕೆ ಗೊತ್ತಾಗುವುದಿಲ್ಲ. ಬರವಣಿಗೆ ಉದ್ದ, ಒಪ್ಪುತ್ತೇನೆ. ಆದರೆ 'ಪೈಪ್‌ಫೇಲ್' ಆಯ್ಕೆ ಹಾಕದಿದ್ದರೆ ಬ್ಯಾಷ್ ಕೊನೆಯ ಕಮಾಂಡ್ ಗೆದ್ದಿತೋ ಸೋತಿತೋ ಅಷ್ಟನ್ನೇ ಗಮನಿಸುತ್ತದೆ. ಇಲ್ಲಿ ಮೂರರ ರಿಟರ್ನ್ ಕೋಡ್ ಕೂಡ ನನ್ನ ಕೈಯಲ್ಲೇ ಇರುತ್ತದೆ. ಅರ್ಧಕ್ಕೇ ಕೆಟ್ಟ ಜಿಜಿಪ್ ಫೈಲ್ ಸಿಕ್ಕಿಬೀಳುವುದು ಅಲ್ಲೇ ಅಲ್ವಾ?