ಯಾವ ಇಸವಿ ಕಥೆ ಎಂದು ಕೇಳುವ ಬಾಡಿಗೆ ಅಂಗಡಿ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಒಳಗೆ ತಿರುಗಿದರೆ ನಾಟಕದ ಡ್ರೆಸ್, ಸೀನರಿ ಬಾಡಿಗೆಗೆ ಕೊಡುವ ಪುಟ್ಟ ಅಂಗಡಿ ಇದೆ. ಅಲ್ಲಿಂದ ಒಂದು ಡಮ್ಮಿ ರಿವಾಲ್ವರ್ ತಂದೆವು. ಎರಡು ದಿನಕ್ಕೆ 600 ರೂಪಾಯಿ, ಅಡ್ವಾನ್ಸ್ 2000. ನನಗೆ ತುಂಬಾ ಹಿಡಿಸಿತು.

ನಮ್ಮದು ವಿದುರಾಶ್ವತ್ಥದ ನಾಟಕ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಗೌರಿಬಿದನೂರು ಕಡೆಯವರಿಗೆಲ್ಲ ಗೊತ್ತು. ನಮ್ಮ ನಾಟಕದ ಅಧಿಕಾರಿಯ ಸೊಂಟದಲ್ಲಿ ಒಂದು ರಿವಾಲ್ವರ್ ಇರಬೇಕಿತ್ತು. ಹೋದ ವರ್ಷ ಬೇರೆ ಊರಿನ ಒಬ್ಬರು ಕೌಬಾಯ್ ಸಿನಿಮಾಗಳಲ್ಲಿ ಕಾಣುವ ಕೋಲ್ಟ್ ರಿವಾಲ್ವರ್ ಕೊಟ್ಟು ಕಳಿಸಿದ್ದರು. ನಾಟಕ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಸೈನಿಕರೊಬ್ಬರು ಬಂದು, 'ಅದು ಅಮೆರಿಕದ್ದಲ್ವೇನಪ್ಪಾ' ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಅಂಗಡಿಯವರು ಮೊದಲು ಕೇಳಿದ್ದೇ 'ಯಾವ ಇಸವಿ ಕಥೆ ಸಾರ್?' ಅಂತ. 1938 ಅಂದೆ. ಒಳಗಿನಿಂದ ವೆಬ್ಲಿ ಮಾರ್ಕ್ 6 ಎಂಬ ಬ್ರಿಟಿಷ್ ರಿವಾಲ್ವರ್‌ನ ನಕಲು ತಂದಿಟ್ಟರು. ಬ್ರಿಟಿಷ್ ಸೈನ್ಯ ಅದನ್ನು ತೆಗೆದುಕೊಂಡಿದ್ದು 1915ರಲ್ಲಿ, ಹಾಗಾಗಿ ನಮ್ಮ ಕಥೆಗೆ ಸರಿ. ಎಡಗಡೆಯ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಕೆ ಮುಂದಕ್ಕೆ ಮಡಚಿಕೊಂಡು, ಆರೂ ಖಾಲಿ ತೋಟಾಗಳು ಒಟ್ಟಿಗೆ ಮೇಲೆದ್ದು ಬರುತ್ತವೆ. 1873ರ ಕೋಲ್ಟ್‌ನಲ್ಲಿ ಇದಾಗಲ್ಲ, ಪಕ್ಕದ ಸಣ್ಣ ಬಾಗಿಲಿನಿಂದ ಒಂದೊಂದೇ ತಳ್ಳಿ ತೆಗೆಯಬೇಕು, ಪ್ರತಿ ಸಲ ಹಿಂದಿರುವ ಹ್ಯಾಮರ್ (ತೋಟಾಗೆ ಬಡಿಯುವ ಭಾಗ) ಎಳೆದೇ ಹೊಡೆಯಬೇಕು. ನಟನಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಕೈ ಆಡುವ ರೀತಿಯೇ ಬದಲಾಗುತ್ತದೆ.

ದೊಡ್ಡ ಸಿನಿಮಾದವರೂ ಇದರಲ್ಲಿ ಎಡವಿದ್ದಾರೆ. 1964ರ 'ಜುಲು' ಎಂಬ ಇಂಗ್ಲಿಷ್ ಚಿತ್ರದ ಕಥೆ 1879ರದ್ದು, ಆದರೆ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ ಇದೇ ಮಾರ್ಕ್ 6! ಅಂದರೆ 36 ವರ್ಷ ಆದಮೇಲೆ ಬಂದ ರಿವಾಲ್ವರ್. ಇನ್ನು ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯಲ್ಲಿ ಗಬ್ಬರ್ ಮೂರು ಗುಂಡು ಆಕಾಶಕ್ಕೆ ಹಾರಿಸಿ ಸಿಲಿಂಡರ್ ತಿರುಗಿಸುವ ದೃಶ್ಯ ನೋಡಿ. ಸಿಲಿಂಡರ್‌ನಲ್ಲಿ ಗುಂಡಿಗೆ ಆರು ಮನೆ, ಮೂರು ಗುಂಡು ಬಾಕಿ, ಎದುರಿಗೆ ಮೂರು ಜನ. ಆ ಭಯವೆಲ್ಲ ರಿವಾಲ್ವರ್ ಕೆಲಸ ಮಾಡುವ ರೀತಿಯಿಂದಲೇ ಹುಟ್ಟಿದ್ದು, ಅಲ್ವಾ?

ಕೊರತೆಗಳನ್ನೂ ಹೇಳಿಬಿಡುತ್ತೇನೆ. ತೂಕ ಕಡಿಮೆ. ಅಸಲಿ ವೆಬ್ಲಿ ಒಂದು ಕಿಲೋಗಿಂತ ಜಾಸ್ತಿ ಇರುತ್ತದೆ, ಇದು ಅದರ ಅರ್ಧವೂ ಇಲ್ಲ, ಹಾಗಾಗಿ ನಮ್ಮ ಹುಡುಗ ಸುಮ್ನೆ ಬೀಸಾಡುತ್ತಿದ್ದ. ಹಿಡಿಯೊಳಗೆ ಸೀಸ ತುಂಬಿಸಿ ಎಂದು ಹೇಳಿ ಬಂದಿದ್ದೇನೆ. ಕೊಂಡಿ ಸ್ವಲ್ಪ ಸಡಿಲ. ಹಿಡಿಯ ತಳದಲ್ಲಿ ಹಗ್ಗ ಕಟ್ಟುವ ಬಳೆ ಇದೆ, ಹಗ್ಗ ಮಾತ್ರ ಕೊಡಲಿಲ್ಲ, ನಾವೇ ಹುರಿ ಹೊಸೆದು ಕಟ್ಟಿದೆವು.

ನಳಿಕೆಯನ್ನು ಪೂರ್ತಿ ಮುಚ್ಚಿ ಬೆಸುಗೆ ಹಾಕಿದ್ದಾರೆ, ಏನೂ ಹಾರಲ್ಲ. ಶಬ್ದಕ್ಕೆ ಪರದೆ ಹಿಂದೆ ಪಟಾಕಿ ಹೊಡೆಯಬೇಕು. ಬಿಲ್‌ನಲ್ಲಿ 'ನಾಟಕದ ಸಾಮಾನು' ಎಂದು ಬರೆದು ಸೀಲ್ ಹಾಕಿ ಕೊಡುತ್ತಾರೆ, ಬಸ್ಸಲ್ಲಿ ತರುವಾಗ ಅದು ಜೇಬಲ್ಲೇ ಇರಲಿ. ರಿವಾಲ್ವರನ್ನು ಚೀಲದಿಂದ ಹೊರಗೆ ತೆಗೆಯಲೇಬೇಡಿ.

ವೆಬ್ಲಿ ಅವರ ಹತ್ತಿರ ಇರುವುದು ಒಂದೇ. ಏಪ್ರಿಲ್‌ನಲ್ಲಿ ಬೇಕಿದ್ದರೆ ಯುಗಾದಿಗೆ ಮುಂಚೆಯೇ ಹೋಗಿ ಹೇಳಿಡಿ.