ಮುದ್ದೆ ಇಳಿಯುತ್ತಿದೆ ಅಂತ ಸುಮ್ಮನಿರಬೇಡಿ: ಹಲ್ಲಿಲ್ಲದ ಹಿರಿಯರು ಮನೆಯಲ್ಲಿದ್ದರೆ ಇದನ್ನು ಓದಿ

ಎಪ್ಪತ್ತು ದಾಟಿದ ನಮ್ಮ ಮಾವನವರ ಅಲುಗಾಡುತ್ತಿದ್ದ ಹಲ್ಲುಗಳನ್ನೆಲ್ಲ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕಿತ್ತರು. ಕೃತಕ ಹಲ್ಲಿನ ಸೆಟ್ ಯಾವಾಗ ಕೂರಿಸುತ್ತೀರಿ ಅಂತ ಕೇಳಿದ್ದಕ್ಕೆ, "ಈ ವಯಸ್ಸಿಗೆ ಸೆಟ್ ಯಾಕಮ್ಮ, ಮೆತ್ತಗಿನ ಊಟ ಕೊಡಿ ಸಾಕು" ಅಂದರು. ವರ್ಷ ತುಂಬುವಷ್ಟರಲ್ಲಿ ಮಾವ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದು, ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡರು.

ಹಲ್ಲಿಗೂ ಬೀಳುವುದಕ್ಕೂ ಏನು ಸಂಬಂಧ ಅಂತ ನೋಡಲು ಬಂದವರೆಲ್ಲ ಕೇಳಿದರು. ನಮ್ಮ ಕಡೆ ಊಟ ಮುದ್ದೆ. ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಹಲ್ಲು ಹೋದ ಮೇಲೂ ಮುದ್ದೆ ಎಂದಿನಂತೆ ಖರ್ಚಾಗುತ್ತಿತ್ತು, ಮಾವ ಚೆನ್ನಾಗಿಯೇ ಉಣ್ಣುತ್ತಿದ್ದಾರೆ ಅಂತ ಕಾಣುತ್ತಿತ್ತು. ಆದರೆ ಬಸ್ಸಾರಿನ ಜೊತೆಗಿನ ಪಲ್ಯ ಹಾಗೇ ಉಳಿಯುತ್ತಿತ್ತು. ಹುರುಳಿಕಾಳು ತಟ್ಟೆಯ ಅಂಚಿಗೆ ಸರಿಯುತ್ತಿತ್ತು. ಭಾನುವಾರದ ಬಾಡೂಟವೂ ಬೇಡವಾಯಿತು. ಹೊಟ್ಟೆ ತುಂಬುತ್ತಿತ್ತು, ಪ್ರೋಟೀನ್ ಸೇರುತ್ತಿರಲಿಲ್ಲ. ತೊಡೆ ಸೊರಗಿತು, ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಯಿತು. ಕಾಲಿನಲ್ಲಿ ಬಲವಿದ್ದರೆ ಎಡವಿದವರು ಸಾವರಿಸಿಕೊಳ್ಳುತ್ತಾರೆ. ಅವರಿಂದ ಆಗಲಿಲ್ಲ.

ಜಪಾನಿನಲ್ಲಿ 65 ದಾಟಿದವರನ್ನು ಕೆಲವು ವರ್ಷ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಗಿದೆ. 20ಕ್ಕಿಂತ ಕಡಿಮೆ ಹಲ್ಲಿದ್ದು ಸೆಟ್ಟನ್ನೂ ಹಾಕದವರಲ್ಲಿ ಬೀಳುವ ಅಪಾಯ, 20 ಅಥವಾ ಹೆಚ್ಚು ಹಲ್ಲಿದ್ದವರಿಗಿಂತ ಸುಮಾರು 2.5 ಪಟ್ಟು ಇತ್ತು. ಸೆಟ್ ಹಾಕಿಕೊಂಡವರಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಲ್ಲು ಹೋದದ್ದೇ ಬೀಳಿಸುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ದವಡೆ ಕಚ್ಚಿ ನಿಲ್ಲಲು ಹಲ್ಲಿದ್ದರೆ ಕತ್ತು, ತಲೆ ಅಲುಗದೆ ನಿಂತು ಮೈಯ ಸಮತೋಲಕ್ಕೆ ನೆರವಾಗುತ್ತದೆ ಅನ್ನುವುದು ಸಂಶೋಧಕರು ಕೊಡುವ ಒಂದು ವಿವರಣೆ. "ಈ ವಯಸ್ಸಿಗೆ ಯಾಕೆ" ಅನ್ನುವ ಮಾತನ್ನು ವೈದ್ಯರ ಬಾಯಲ್ಲಿ ಕೇಳಿದರೂ ಒಪ್ಪಬೇಡಿ. ಆ ವಯಸ್ಸಿಗೇ ಅದು ಬೇಕು.

ಹಲ್ಲು ಕೀಳಿಸುವ ಮೊದಲೇ ಸೆಟ್ ಯಾವಾಗ, ಖರ್ಚೆಷ್ಟು ಅಂತ ಬರೆಸಿಕೊಳ್ಳಿ. ಕಿತ್ತ ಮೇಲೆ ದವಡೆಯ ಮೂಳೆ ತಿಂಗಳುಗಟ್ಟಲೆ ಕುಗ್ಗುತ್ತಾ ಹೋಗುವುದರಿಂದ ಮೊದಲ ಸೆಟ್ ಸಡಿಲವಾಗುವುದು ಸಹಜ. ಡಬ್ಬಿಯಲ್ಲಿ ಎತ್ತಿಡದೆ ತೆಗೆದುಕೊಂಡು ಹೋಗಿ ಸರಿಮಾಡಿಸಿ. ಅಲ್ಲಿಯವರೆಗೆ ಮೊಟ್ಟೆ, ಮೊಸರು, ನುಣ್ಣಗೆ ಅರೆದ ಕಾಳು ಕೊಡಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲೆಂದು ನಮ್ಮ ರಾಜ್ಯದಲ್ಲಿ 2014ರಲ್ಲಿ ದಂತ ಭಾಗ್ಯ ಯೋಜನೆ ಶುರುವಾಯಿತು. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಅದರ ಬಗ್ಗೆ ವಿಚಾರಿಸಿ.