ಪ್ಲಾಂಟರ್‌ಗಳ ಸ್ಮಶಾನಕ್ಕೊಂದು ನಡಿಗೆ: ಹೋಗಬಹುದು, ಆದರೆ ಹೇಳುವ ಕಥೆ ಅರ್ಧವೇ

ಕೊಡಗಿನ ಸಿದ್ದಾಪುರದ ಕಡೆಯ ಹೋಂಸ್ಟೇಯೊಂದು ತನ್ನ ಅತಿಥಿಗಳಿಗಲ್ಲದೆ ಹೊರಗಿನವರಿಗೂ ಏರ್ಪಡಿಸುವ, ಹಳೆಯ ಯುರೋಪಿಯನ್ ಪ್ಲಾಂಟರ್‌ಗಳ, ಎಂದರೆ ಕಾಫಿ ತೋಟ ನಡೆಸುತ್ತಿದ್ದ ದೊರೆಗಳ, ಸ್ಮಶಾನದ ಬೆಳಗಿನ ನಡಿಗೆಯ ಬಗ್ಗೆ ಈ ಅಭಿಪ್ರಾಯ. ಕಾಫಿ ತೋಟದ ಅಂಚಿನಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ, ಕುಸಿದ ಕಲ್ಲುಗೋಡೆಯೊಳಗೆ ಅಡಗಿರುವ ಈ ಜಾಗವನ್ನು ಹೊಸಬರು ತಾವಾಗಿ ಹುಡುಕಿಕೊಳ್ಳುವುದು ಕಷ್ಟ. ಆ ಮಟ್ಟಿಗೆ ಕೊಟ್ಟ ಶುಲ್ಕ ವ್ಯರ್ಥವಲ್ಲ.

ನಡಿಗೆಯಲ್ಲಿ ನನಗೆ ಬಹಳ ಹಿಡಿಸಿದ್ದು ಕಲ್ಲು ಓದಿಸುವ ಕ್ರಮ. ಅಮೃತಶಿಲೆಯಲ್ಲಿ ಕೂರಿಸಿದ್ದ ಸೀಸದ ಅಕ್ಷರಗಳು ಎಷ್ಟೋ ಫಲಕಗಳಿಂದ ಉದುರಿಹೋಗಿ, ಅವನ್ನು ಹಿಡಿದಿಟ್ಟಿದ್ದ ಸಣ್ಣ ತೂತುಗಳಷ್ಟೇ ಉಳಿದಿವೆ. ಮಾರ್ಗದರ್ಶಕರು ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿದು, ಆ ತೂತುಗಳ ಸಾಲಿನಿಂದಲೇ ಹೆಸರನ್ನೂ ಇಸವಿಯನ್ನೂ ಬಿಡಿಸಿ ತೋರಿಸಿದರು. ಪಾಚಿ ಕೆರೆಯಲು ಹೋದವರನ್ನು ಸೌಜನ್ಯದಿಂದಲೇ ತಡೆದರು. ಮೂವತ್ತು ದಾಟದ ಗಂಡಸರು, ವರ್ಷ ತುಂಬದ ಕೂಸುಗಳು ಅಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ.

ಅವರು ಇಲ್ಲಿಗೆ ಬಂದದ್ದೇಕೆ, ಇಷ್ಟು ಬೇಗ ಸತ್ತದ್ದೇಕೆ ಎಂದು ಕೇಳಿದರೆ ಮಾತ್ರ ಕುದುರೆಯೇರಿ ಬರುವ ಬಿಳಿ ದೊರೆಸಾನಿಯ ದೆವ್ವದ ಕಥೆ ಶುರುವಾಗುತ್ತದೆ. ನಿಜವಾದ ಚರಿತ್ರೆಯೇ ಅದಕ್ಕಿಂತ ರೋಚಕವಾಗಿದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ ಮೇಲೆ ಇತರರೂ ನುಗ್ಗಿದರು. ಸಿದ್ದಾಪುರ, ಪಾಲಿಬೆಟ್ಟದ ಬಿದಿರು ಕಾಡುಗಳೂ ತೋಟಗಳಾದವು. ನೆರಳಿನ ಮರಗಳನ್ನೆಲ್ಲ ಕಡಿದು ಬಯಲು ಮಾಡಿದ ತೋಟಗಳಿಗೆ 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು ಗಿಡಗಳು ಸಾಲುಸಾಲಾಗಿ ಒಣಗಿದವು. ಅದರ ಬಗ್ಗೆ ವರದಿ ಬರೆದ ಡಾ. ಬೀಡಿ ನೆರಳು ಉಳಿಸಿಕೊಳ್ಳಲು ಹೇಳಬೇಕಾಯಿತು. ಇನ್ನು ಜನರನ್ನು ಕೊಂದ ಮಲೇರಿಯಾ ಜ್ವರ: ಅದರ ರೋಗಾಣುವನ್ನು ಸೊಳ್ಳೆಯೊಳಗೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅದಕ್ಕೆ ಮುಂಚೆ ಕಾಡಿನ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ನಂಬಿದ್ದರು. ದೆವ್ವಕ್ಕೆ ಕೊಟ್ಟ ಸಮಯದಲ್ಲಿ ಇದನ್ನೆಲ್ಲ ನೆಮ್ಮದಿಯಾಗಿ ಹೇಳಬಹುದಿತ್ತು.

ಇನ್ನೊಂದು ಆಕ್ಷೇಪವಿದೆ. ಕೊಡಗಿಗೆ ಕಾಫಿ ತಂದವರೇ ಈ ದೊರೆಗಳೆಂದು ಮಾರ್ಗದರ್ಶಕರು ಹೇಳಿದರು. ಆದರೆ ಕೊಡಗಿನ ರಾಜರ ಕಾಲದಲ್ಲೇ ನಾಲ್ಕುನಾಡಿನ ಸುತ್ತ ಮಲಬಾರ್ ಮೂಲದ ಮುಸ್ಲಿಮರಾದ ಮಾಪಿಳ್ಳೆಯವರು ಕಾಫಿ ಬೆಳೆಯುತ್ತಿದ್ದರು. ಫೌಲರ್ ತಂದದ್ದು ಗಿಡವನ್ನಲ್ಲ, ದೊಡ್ಡ ಎಸ್ಟೇಟಿನ ಪದ್ಧತಿಯನ್ನು. ಮೇಸ್ತ್ರಿಗಳು ಮುಂಗಡ ಕೊಟ್ಟು ಮೈಸೂರು ಸೀಮೆಯಿಂದ ಕರೆತಂದ ಆಳುಗಳೂ, ಇಲ್ಲಿಯ ಯರವ ಬುಡಕಟ್ಟಿನವರೂ ಕಾಡು ಕಡಿದು ಅದೇ ಜ್ವರಕ್ಕೆ ಬಲಿಯಾದರು, ಅವರಿಗೆ ಕಲ್ಲು ನೆಟ್ಟವರಿಲ್ಲ. ಗೋಡೆಯ ಹೊರಗಿನ ಈ ಸಾವುಗಳ ಬಗ್ಗೆ ಒಂದು ವಾಕ್ಯವೂ ಬರಲಿಲ್ಲ ಎಂಬುದು ಈ ನಡಿಗೆಯ ದೊಡ್ಡ ಕೊರತೆ.

ಗೋರಿಗಳಿಗೆ ಸುಣ್ಣ ಬಳಿದವರು ಯಾರೋ ತಿಳಿಯದು. ಸುಣ್ಣ ಅಕ್ಷರಗಳೊಳಗೆ ಇಳಿದು ಎರಡು ಫಲಕಗಳು ಪೂರ್ತಿ ಮುಚ್ಚಿಹೋಗಿವೆ. ಕೊನೆಗೆ ಕೊಟ್ಟ ಕಡುಂಬುಟ್ಟು (ಅಕ್ಕಿ ತರಿಯ ಕಡುಬು) ಮತ್ತು ಕಾಫಿ ಚೆನ್ನಾಗಿದ್ದವು. ಹೋಗುವವರು ಮೊದಲು ಮಡಿಕೇರಿ ಕೋಟೆಯೊಳಗಿನ, ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಸೇಂಟ್ ಮಾರ್ಕ್ಸ್ ಚರ್ಚನ್ನು ನೋಡಿಕೊಂಡರೆ ಕಾಲದ ಹಿನ್ನೆಲೆ ಸಿಗುತ್ತದೆ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮಳೆಗಾಲದಲ್ಲಿ ಜಿಗಣೆಗಳ ಕಾಟ ವಿಪರೀತವಾದ್ದರಿಂದ ಡಿಸೆಂಬರ್ ನಂತರ, ಉದ್ದನೆಯ ಸಾಕ್ಸ್ ಹಾಕಿಕೊಂಡೇ ಹೋಗುವುದು ಒಳ್ಳೆಯದು.